ನನಗೆ ಡೈವಿಂಗ್ ಹುಚ್ಚು, ಹೆಂಡತಿಗೆ ನೀರಂದ್ರೆ ಭಯ: ರಜೆಗೆ ಎಲ್ಲಿಗೆ ಹೋಗೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಮುರುಡೇಶ್ವರದಲ್ಲಿ ಓಪನ್ ವಾಟರ್ ಕೋರ್ಸ್, ಅಂದರೆ ಸ್ಕೂಬಾ ಡೈವಿಂಗಿನ ಮೊದಲ ಹಂತ, ಮುಗಿಸಿದ್ದೀರಿ. ನಿಮ್ಮ ಮನೆಯವರಿಗೆ ಈಜು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಬೆಂಗಳೂರಿನಿಂದ ಒಂದು ವಾರ ಹೋಗಿಬರಬೇಕು. ನೀವು ಡೈವ್ ಮಾಡಬೇಕು, ಅವರಿಗೂ ಬೇಜಾರಾಗಬಾರದು. ಅಂಡಮಾನ್, ಮಾಲ್ಡೀವ್ಸ್, ಬಾಲಿ, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಇಂಥ ಪ್ರಶ್ನೆಗೆ ಉತ್ತರ ಬರೆಯುವವರೆಲ್ಲ ಹೆಚ್ಚಾಗಿ ಡೈವ್ ಮಾಡುವವರೇ. ನಾನು ದಡದಲ್ಲಿ ಕೂರುವವಳು. ನನ್ನ ಗಂಡ ಡೈವರ್. ನನಗೆ ಮುಖಕ್ಕೆ ಮಾಸ್ಕ್ ಹಾಕಿದರೇ ಉಸಿರು ಕಟ್ಟುತ್ತದೆ. ಹಾಗಾಗಿ ನಿಮ್ಮ ಮನೆಯವರ ಪರವಾಗಿ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ನನ್ನ ಆಯ್ಕೆ ಬಾಲಿ. ಆದರೆ ಎಲ್ಲರೂ ಹೋಗುವ ಕುಟಾ, ಸೆಮಿನ್ಯಾಕ್ ಕಡೆಯ ಬಾಲಿ ಅಲ್ಲ. ದ್ವೀಪದ ಪೂರ್ವ ತುದಿಯಲ್ಲಿರುವ ಅಮೆಡ್ ಮತ್ತು ತುಲಾಂಬೆನ್.

ಕಾರಣ ಹೇಳುವ ಮೊದಲು, ಡೈವ್ ಮಾಡುವವರ ದಿನ ದಡದಿಂದ ಹೇಗೆ ಕಾಣುತ್ತದೆ ಅಂತ ಹೇಳಬೇಕು. ಬೆಳಿಗ್ಗೆ ಏಳಕ್ಕೋ ಏಳೂವರೆಗೋ ಡೈವ್ ಅಂಗಡಿಯಲ್ಲಿ ಹಾಜರಾಗಬೇಕು. ಸೂಟು, ಫಿನ್ಸು, ತೂಕದ ಬೆಲ್ಟು ಅಂತ ಒಂದಷ್ಟು ಹೊತ್ತು. ಆಮೇಲೆ ದೋಣಿ. ಮೊದಲ ಡೈವ್, ಮಧ್ಯೆ ಒಂದು ಗಂಟೆಯಾದರೂ ವಿರಾಮ, ಎರಡನೇ ಡೈವ್, ವಾಪಸ್ ಪ್ರಯಾಣ. ಸಾಮಾನು ತೊಳೆದು, ಲಾಗ್ ಬುಕ್ ಬರೆದು, ಏನೇನು ನೋಡಿದೆವು ಅಂತ ಹರಟಿ ಮುಗಿಯುವಾಗ ಮಧ್ಯಾಹ್ನ ಒಂದಾಗಿರುತ್ತದೆ. ಊಟ ಮಾಡಿ ಮಲಗಿದರೆ ಏಳುವುದು ನಾಲ್ಕಕ್ಕೆ. ಇಂಥ ಬಿಸಿಲಿನ ಊರುಗಳಲ್ಲಿ ಹೊರಗೆ ಓಡಾಡಲು ಚೆನ್ನಾಗಿರುವುದೇ ಬೆಳಗಿನ ಹೊತ್ತು. ಅದನ್ನು ಪೂರ್ತಿ ಸಮುದ್ರ ತಿಂದುಬಿಡುತ್ತದೆ.

ಆದ್ದರಿಂದ "ಆ ಊರಲ್ಲಿ ನೋಡೋಕೆ ಏನಿದೆ" ಅಂತ ಹುಡುಕಬೇಡಿ. ನೋಡೋಕೆ ಎಲ್ಲ ಕಡೆ ಏನಾದರೂ ಇದ್ದೇ ಇರುತ್ತದೆ. ಬೆಳಿಗ್ಗೆ ಏಳರಿಂದ ಒಂದರವರೆಗೆ ಒಬ್ಬ ಹೆಂಗಸು ಒಬ್ಬಳೇ, ಯಾರ ಹಂಗೂ ಇಲ್ಲದೆ, ಕಾಲ್ನಡಿಗೆಯಲ್ಲಿ ಏನು ಮಾಡಬಹುದು ಅಂತ ನೋಡಿ. ಇದಕ್ಕೆ ಸರಿಯಾದ ಉತ್ತರ ಸಿಗುವ ಡೈವಿಂಗ್ ಊರುಗಳು ಕಡಿಮೆ.

"ದೋಣಿಯಲ್ಲಿ ಜೊತೆಗೇ ಬರಲಿ ಬಿಡಿ" ಅಂತ ಅಂಗಡಿಯವರು ಹೇಳಬಹುದು. ಅದಕ್ಕೂ ಸಾಮಾನ್ಯವಾಗಿ ದುಡ್ಡು ತಗೊಳ್ಳುತ್ತಾರೆ. ದೋಣಿ ಓಡುವಾಗ ಪರವಾಗಿಲ್ಲ, ಗಾಳಿ ಬರುತ್ತದೆ. ನೀವೆಲ್ಲ ನೀರಿಗೆ ಇಳಿದ ಮೇಲೆ ಅದು ನಿಂತಲ್ಲೇ ಓಲಾಡಲು ಶುರು ಮಾಡುತ್ತದೆ, ಡೀಸೆಲ್ ವಾಸನೆ ಬೇರೆ. ಅವೊಮಿನ್ ಮಾತ್ರೆ ನುಂಗಿದರೂ ಹೊಟ್ಟೆ ತೊಳಸುವುದು ನಿಲ್ಲುವುದಿಲ್ಲ. ಸಣ್ಣ ದೋಣಿಗಳಲ್ಲಿ ಶೌಚಾಲಯ ಇರುವುದಿಲ್ಲ. ಗಂಡಸರು ಇದನ್ನು ಯೋಚನೆ ಮಾಡುವುದೇ ಇಲ್ಲ. ಐದು ಗಂಟೆ ನೀರು ಕುಡಿಯದೆ ಬಿಸಿಲಲ್ಲಿ ಕೂರುವುದು ರಜೆ ಅಲ್ಲ.

ತುಲಾಂಬೆನ್‌ನಲ್ಲಿ ಈ ರಗಳೆಯೇ ಇಲ್ಲ, ಯಾಕೆಂದರೆ ಅಲ್ಲಿ ದೋಣಿ ಬೇಕಾಗಿಲ್ಲ. ದಡದಿಂದಲೇ ನಡೆದು ನೀರಿಗೆ ಇಳಿಯುತ್ತಾರೆ. ಅಲ್ಲಿ ಡೈವರ್‌ಗಳು ನೋಡುವುದು ಮುಳುಗಿರುವ ಲಿಬರ್ಟಿ ಅನ್ನುವ ಅಮೆರಿಕನ್ ಸರಕು ಹಡಗು, ಸುಮಾರು 120 ಮೀಟರ್ ಉದ್ದ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊ ಹೊಡೆಯಿತು. ಎಳೆದುಕೊಂಡು ಹೋಗುತ್ತಿರುವಾಗ ನೀರು ತುಂಬಿಕೊಂಡಿತು ಅಂತ ತುಲಾಂಬೆನ್ ದಡಕ್ಕೆ ತಂದು ಹತ್ತಿಸಿದರು. ಇಪ್ಪತ್ತು ವರ್ಷ ಅದು ಅಲ್ಲೇ ದಡದ ಮೇಲೆ ಇತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಜಾರಿ ನೀರಿಗೆ ಬಿತ್ತು. ಈಗ ಅದರ ಮೇಲ್ಭಾಗ ನಾಲ್ಕೈದು ಮೀಟರ್ ಆಳದಲ್ಲೇ ಇದೆ, ಕೆಳಭಾಗ ಮೂವತ್ತು ಮೀಟರಿನ ಹತ್ತಿರ. ಓಪನ್ ವಾಟರ್ ಸರ್ಟಿಫಿಕೇಟಿಗೆ 18 ಮೀಟರ್ ಮಿತಿ ಅಲ್ವಾ, ಅಷ್ಟರೊಳಗೇ ನಿಮಗೆ ಬೇಕಾದಷ್ಟು ಸಿಗುತ್ತದೆ.

ದಡದಲ್ಲಿ ಮರಳಿಲ್ಲ. ಗುಂಡಗಿನ ಕಪ್ಪು ಕಲ್ಲುಗಳು. ಅಲೆ ಹಿಂದೆ ಹೋದಾಗಲೆಲ್ಲ ಕಲ್ಲಿಗೆ ಕಲ್ಲು ತಾಗಿ ಗಲಗಲ ಸದ್ದು. ಆ ಕಲ್ಲುಗಳ ಮೇಲೆ ಬರಿಗಾಲಲ್ಲಿ ನಡೆಯುವುದೇ ಕಷ್ಟ, ಆದರೆ ಊರಿನ ಹೆಂಗಸರು ಡೈವಿಂಗ್ ಸಿಲಿಂಡರನ್ನು ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತುಕೊಂಡು ಸರಸರ ಹೋಗುತ್ತಾರೆ. ಹಿಂದೆ ಜಿಮ್‌ಗೆ ಹೋಗುವ ಗಂಡಸರು ಬರಿಗೈಯಲ್ಲಿ ತೂರಾಡುತ್ತಾ ಬರುತ್ತಾರೆ. ನಾನು ಒಂದು ಬೆಳಗ್ಗೆ ಪೂರ್ತಿ ಇದನ್ನೇ ನೋಡುತ್ತಾ ಕಾಫಿ ಕುಡಿದಿದ್ದೇನೆ. ಮುಕ್ಕಾಲು ಗಂಟೆಗೆ ಗಂಡ ನೀರಿನಿಂದ ಎದ್ದು ಬಂದರು. ಇಬ್ಬರೂ ಕೂತು ಬಾಳೆಹಣ್ಣಿನ ದೋಸೆ ತಿಂದೆವು. ಅವರು ಮತ್ತೆ ಇಳಿದರು, ನಾನು ರೂಮಿಗೆ ಹೋಗಿ ಸ್ನಾನ ಮಾಡಿ ಬಂದೆ. ದಡದ ಡೈವಿಂಗ್ ಅಂದರೆ ಇದೇ ಲಾಭ. ಎರಡು ಡೈವ್‌ಗಳ ಮಧ್ಯದ ಹೊತ್ತು ಹೆಂಡತಿಗೂ ಸಿಗುತ್ತದೆ.

ಉಳಿಯುವುದು ಅಮೆಡ್‌ನಲ್ಲಿರಲಿ. ತುಲಾಂಬೆನ್ ಅಲ್ಲಿಂದ ಹತ್ತಿರವೇ, ಆದರೆ ಅದು ಬರೀ ಡೈವರ್‌ಗಳ ಊರು, ಸಂಜೆ ಮಾಡಲು ಏನಿಲ್ಲ. ಅಮೆಡ್ ಅಂದರೆ ಕರಾವಳಿ ಉದ್ದಕ್ಕೂ ಸಾಲಾಗಿರುವ ಸಣ್ಣ ಸಣ್ಣ ಮೀನುಗಾರರ ಊರುಗಳು. ಜೆಮೆಲುಕ್ ಅನ್ನುವ ಕಡೆ ಕೊಲ್ಲಿ ಇದೆ, ನೀರು ಹೆಚ್ಚಾಗಿ ಶಾಂತ. ನಿಮ್ಮ ಮನೆಯವರಿಗೆ ಮನಸ್ಸಾದರೆ ಲೈಫ್ ಜಾಕೆಟ್ ಹಾಕಿಕೊಂಡು ಸೊಂಟದವರೆಗೆ ನೀರಲ್ಲಿ ನಿಂತು ತಲೆ ಬಗ್ಗಿಸಿದರೂ ಮೀನು ಕಾಣುತ್ತವೆ. ಮನಸ್ಸಾಗದಿದ್ದರೆ ಬಿಡಿ. ಅಲ್ಲಿ ಈಗಲೂ ಕೆಲವರು ಹಳೆಯ ರೀತಿಯಲ್ಲಿ ಉಪ್ಪು ಮಾಡುತ್ತಾರೆ. ತೆಂಗಿನ ಮರದ ಕಾಂಡವನ್ನು ಉದ್ದಕ್ಕೆ ಸೀಳಿ, ದೋಣಿಯಂತೆ ಕೊರೆದು, ಅದರಲ್ಲಿ ಉಪ್ಪುನೀರು ಹಾಕಿ ಬಿಸಿಲಿಗೆ ಇಡುತ್ತಾರೆ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ.

ಅರ್ಧ ಗಂಟೆ ದೂರದಲ್ಲಿ ತೀರ್ಥ ಗಂಗಾ ಇದೆ, ಕರಂಗಾಸೆಮ್ ರಾಜರು 1946ರಲ್ಲಿ ಕಟ್ಟಲು ಶುರು ಮಾಡಿದ ಕೊಳಗಳ ಅರಮನೆ. ಆ ಹಡಗನ್ನು ನೀರಿಗೆ ತಳ್ಳಿದ ಸ್ಫೋಟದಲ್ಲೇ ಇದೂ ಹಾಳಾಗಿತ್ತು, ಮತ್ತೆ ಕಟ್ಟಿದರು. ಕೊಳದ ಮಧ್ಯೆ ಹೆಜ್ಜೆ ಹೆಜ್ಜೆಗೆ ಕಲ್ಲು ಹಾಕಿದ್ದಾರೆ, ಕಾಲ ಕೆಳಗೆ ದೊಡ್ಡ ದೊಡ್ಡ ಬಣ್ಣದ ಮೀನುಗಳು. ಡೈವ್ ಮಾಡದೆಯೂ ಮೀನು ನೋಡಿದ ಹಾಗಾಯ್ತು. ನೀವು ಹಡಗು ನೋಡುವ ಬೆಳಗ್ಗೆ ಅವರಿಗೆ ಕಾರು ಮತ್ತು ಡ್ರೈವರ್ ಮಾಡಿಕೊಡಿ, ಸುತ್ತಲಿನ ಗದ್ದೆಗಳನ್ನೂ ನೋಡಿಕೊಂಡು ಬರಲಿ. ಮುಖ್ಯವಾದ ಮಾತು: ಈ ಕಾರಿನ ಖರ್ಚು, ಮಸಾಜಿನ ಖರ್ಚು, ಅಡುಗೆ ಕಲಿಸುವ ಕ್ಲಾಸಿಗೆ ಹೋದರೆ ಅದರ ಖರ್ಚು, ಇದೆಲ್ಲ ಮೊದಲೇ ಬಜೆಟ್‌ನಲ್ಲಿರಲಿ. ಡೈವಿಂಗ್ ಪ್ಯಾಕೇಜಿಗೆ ಎಷ್ಟೋ ಅಷ್ಟೇ ಅವರ ಹೆಸರಲ್ಲೂ ಎತ್ತಿಡಿ. ಅಲ್ಲಿ ಹೋದ ಮೇಲೆ "ಇದಕ್ಕೂ ದುಡ್ಡು ಬೇಕಾ" ಅಂತ ಮುಖ ಮಾಡಿದರೆ ಮುಗೀತು.

ಸಸ್ಯಾಹಾರಿಗಳಾದರೆ ಟೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ತೋಫು, ಕಡಲೆಕಾಯಿ ಗೊಜ್ಜಿನ ಗಾಡೊ ಗಾಡೊ ಎಲ್ಲ ಕಡೆ ಸಿಗುತ್ತದೆ. ಆದರೆ ಸಾಂಬಾಲ್ ಅನ್ನುವ ಖಾರದ ಚಟ್ನಿಯಲ್ಲಿ ಹೆಚ್ಚಾಗಿ ಸಿಗಡಿ ಅರೆದು ಹಾಕಿರುತ್ತಾರೆ. ಅದಕ್ಕೆ ತೆರಾಸಿ ಅನ್ನುತ್ತಾರೆ, "ತೆರಾಸಿ ಹಾಕಬೇಡಿ" ಅಂತ ಹೇಳಿ.

ಒಂದು ಕಟ್ಟುನಿಟ್ಟಿನ ವಿಷಯ. ಡೈವ್ ಮಾಡುವಾಗ ರಕ್ತದಲ್ಲಿ ಸೇರಿಕೊಂಡ ಸಾರಜನಕ ಹೊರಗೆ ಹೋಗಲು ಸಮಯ ಬೇಕು ಅಂತ ಕೋರ್ಸಿನಲ್ಲಿ ಹೇಳಿರುತ್ತಾರೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ ಕನಿಷ್ಠ 18 ಗಂಟೆ ವಿಮಾನ ಹತ್ತುವಂತಿಲ್ಲ. ಬೆಟ್ಟ ಹತ್ತುವುದೂ ಇದೇ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ. ಸುಮಾರು 600 ಮೀಟರ್ ದಾಟಿದರೆ ಎಚ್ಚರ ಬೇಕು. ಬಾಲಿಯಲ್ಲಿ ಎಲ್ಲರೂ ಹೋಗುವ ಕಿಂತಾಮಣಿ ಅದಕ್ಕಿಂತ ತುಂಬಾ ಎತ್ತರ. ಅಲ್ಲಿನ ಬಾತೂರ್ ಬೆಟ್ಟದ ತುದಿ 1,700 ಮೀಟರಿಗಿಂತ ಜಾಸ್ತಿ. "ಬೆಳಿಗ್ಗೆ ಡೈವ್ ಮಾಡ್ತೀನಿ, ಸಂಜೆ ಇಬ್ಬರೂ ಕಿಂತಾಮಣಿಗೆ ಹೋಗೋಣ" ಅನ್ನುವ ಪ್ಲಾನ್ ನಡೆಯುವುದಿಲ್ಲ. ಮುರುಡೇಶ್ವರಕ್ಕೂ ಇದು ಅನ್ವಯಿಸುತ್ತದೆ. ಬೆಳಿಗ್ಗೆ ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಸಂಜೆಯೇ ಘಾಟಿ ಹತ್ತಿ 900 ಮೀಟರ್ ಎತ್ತರದ ಬೆಂಗಳೂರಿಗೆ ಹೊರಡುವವರು ಇದ್ದಾರೆ. ಒಂದು ರಾತ್ರಿ ಅಲ್ಲೇ ಉಳಿದರೆ ಏನು ಹೋಗುತ್ತದೆ?

ನನ್ನಂಥವರಿಗೆ ಈ ನಿಯಮ ವರ. ಡೈವಿಂಗನ್ನೆಲ್ಲ ರಜೆಯ ಮೊದಲ ಅರ್ಧಕ್ಕೇ ಮುಗಿಸಬೇಕಾಗುತ್ತದೆ. ವಿಮಾನ ಇಳಿದ ತಕ್ಷಣ ಎರಡೂವರೆ, ಮೂರು ಗಂಟೆ ಕಾರಲ್ಲಿ ಕೂತು ನೇರ ಅಮೆಡ್‌ಗೆ ಹೋಗಿ. ಮೂರು ಬೆಳಗ್ಗೆ ಡೈವ್. ಆಮೇಲೆ ಉಬುದ್‌ಗೆ ಬನ್ನಿ, ಅದು ಅಷ್ಟು ಎತ್ತರದಲ್ಲಿಲ್ಲ. ಅಲ್ಲಿಂದ ಮಾರನೇ ದಿನ ಕಿಂತಾಮಣಿ, ದೇವಸ್ಥಾನ, ಶಾಪಿಂಗ್, ಎಲ್ಲ ಇಬ್ಬರೂ ಸೇರಿ. ದಕ್ಷಿಣದಲ್ಲಿ ರೂಮ್ ಮಾಡಿ ದಿನವೂ ತುಲಾಂಬೆನ್‌ಗೆ ಓಡಾಡುವ ಪ್ಯಾಕೇಜುಗಳಿವೆ, ಬೇಡವೇ ಬೇಡ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುತ್ತೀರಿ. ಪಕ್ಕದ ನುಸಾ ಪೆನಿಡಾ ದ್ವೀಪದ ಮಾಂಟಾ ಅನ್ನುವ ದೈತ್ಯ ಮೀನಿನ ಆಸೆ ನಿಮಗೆ ಇದ್ದೇ ಇರುತ್ತದೆ. ಅಲ್ಲಿ ಸೆಳೆತ ಜೋರು, ನೀರು ತಣ್ಣಗೆ. ಹೊಸಬರು ಸ್ವಲ್ಪ ಅನುಭವ ಆದ ಮೇಲೆ ಹೋಗಲಿ ಅಂತ ನನ್ನ ಗಂಡನೇ ಹೇಳುತ್ತಾರೆ.

ಇನ್ನು ಉಳಿದ ಎರಡು. ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್ಲಾಕ್, ಹೊಸ ಡೈವರ್‌ಗೆ ಒಳ್ಳೆಯದು. ಪಾಸ್‌ಪೋರ್ಟ್ ಬೇಡ, ಭಾಷೆಯ ತೊಂದರೆ ಇಲ್ಲ. ಆದರೆ ಒಳ್ಳೆಯ ಡೈವ್‌ಗಳೆಲ್ಲ ದೋಣಿಯಲ್ಲೇ. ಡೈವ್ ಅಂಗಡಿಗಳು ಹೆಚ್ಚಾಗಿರುವ ಪೂರ್ವದ ದಡದಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಹಿಂದೆ ಸರಿದು ಬರೀ ಕಲ್ಲು, ಕೆಸರು ಕಾಣುತ್ತದೆ. ಚಂದದ ರಾಧಾನಗರ ಬೀಚ್ ಇರುವುದು ದ್ವೀಪದ ಇನ್ನೊಂದು ಬದಿಗೆ. ನಿಮ್ಮ ಮನೆಯವರಿಗೆ ಸ್ಕೂಟರ್ ಓಡಿಸಲು ಬಂದರೆ ಅಂಡಮಾನ್ ಚೆನ್ನಾಗಿರುತ್ತದೆ, ಬರದಿದ್ದರೆ ನಿಮಗಾಗಿ ಕಾಯುವುದೇ ಆಗುತ್ತದೆ. ಶಹೀದ್ ದ್ವೀಪ, ಅಂದರೆ ಹಳೆಯ ನೀಲ್, ಇನ್ನೂ ಚಿಕ್ಕದು. ಸೈಕಲ್ ಸಾಕು.

ಮಾಲ್ಡೀವ್ಸ್ ಬಗ್ಗೆ ಒಂದೇ ಪ್ರಶ್ನೆ. ನಿಮ್ಮ ಮನೆಯವರಿಗೆ ಸುಮ್ನೆ ಕೂತು ಪುಸ್ತಕ ಓದುವುದು ಇಷ್ಟವೇ? ಹೌದು ಅಂದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೌಸ್ ರೀಫ್, ಅಂದರೆ ದಡಕ್ಕೆ ಅಂಟಿಕೊಂಡೇ ಹವಳದ ದಿಬ್ಬ, ಇರುವ ರೆಸಾರ್ಟ್ ನೋಡಿ, ನಿಮಗೂ ದಡದಿಂದಲೇ ಇಳಿಯಬಹುದು. ಅವರು ಜೆಟ್ಟಿಯ ಮೇಲೆ ನಿಂತರೆ ಮರಿ ಶಾರ್ಕ್‌ಗಳು ಕಾಣುತ್ತವೆ. ಸಂತೆ, ದೇವಸ್ಥಾನ, ಜನ, ಬೀದಿ ಬೇಕು ಅನ್ನುವವರಿಗೆ ಮಾತ್ರ ಮೂರನೇ ದಿನಕ್ಕೆ ತಲೆ ಚಿಟ್ಟು ಹಿಡಿಯುತ್ತದೆ. ನನಗಂತೂ ಹಿಡಿಯಿತು. ಅಗ್ಗ ಅಂತ ಸ್ಥಳೀಯರ ದ್ವೀಪಗಳಿಗೆ ಹೋದರೆ ಬೀದಿಯಲ್ಲಿ ಮೈ ಮುಚ್ಚುವ ಬಟ್ಟೆ ಬೇಕು, ಮದ್ಯ ಸಿಗುವುದಿಲ್ಲ. ಲೈವ್‌ಅಬೋರ್ಡ್ ಅಂತ ವಾರಪೂರ್ತಿ ಹಡಗಿನಲ್ಲೇ ಇರುವ ಟ್ರಿಪ್ ಬಗ್ಗೆ ಮನೆಯಲ್ಲಿ ಬಾಯಿ ಬಿಡಬೇಡಿ. ಅದಕ್ಕೆ ಸ್ನೇಹಿತರ ಜೊತೆ ಹೋಗಿ.

ಟಿಕೆಟ್ ಬುಕ್ ಮಾಡುವ ಮೊದಲು ಒಂದು ವಾರಾಂತ್ಯ ಇಬ್ಬರೂ ಮುರುಡೇಶ್ವರಕ್ಕೇ ಹೋಗಿಬನ್ನಿ. ನೀವು ನೇತ್ರಾಣಿಗೆ ಹೋದಾಗ ಅವರು ರಾಜಗೋಪುರದ ಲಿಫ್ಟ್ ಹತ್ತಲಿ, ಇಡಗುಂಜಿ ಗಣಪತಿ ನೋಡಲಿ, ಹೊನ್ನಾವರದ ಹತ್ತಿರ ಶರಾವತಿಯ ಕಾಂಡ್ಲಾ ಕಾಡಿನ ಮರದ ದಾರಿಯಲ್ಲಿ ನಡೆಯಲಿ. ವಾಪಸ್ ಬಂದ ಮೇಲೆ ಅವರ ಮುಖ ನೋಡಿದರೆ ಅರ್ಧ ದಿನ ಒಬ್ಬರೇ ಇರುವುದು ಅವರಿಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕೆಲವರಿಗೆ ತುಂಬಾ ಹಿಡಿಸುತ್ತದೆ. ಮದುವೆಯಾದ ಮೇಲೆ ಅಂಥ ಆರು ಗಂಟೆ ಎಲ್ಲಿ ಸಿಗುತ್ತದೆ ಹೇಳಿ.

ದಯವಿಟ್ಟು ಸರ್‌ಪ್ರೈಸ್ ಅಂತ ಅವರ ಹೆಸರಲ್ಲಿ ಟ್ರೈ ಡೈವ್ ಬುಕ್ ಮಾಡಬೇಡಿ. ಈಜು ಬರದವರೂ ಇನ್‌ಸ್ಟ್ರಕ್ಟರ್ ಕೈ ಹಿಡಿದು ಇಳಿಯಬಹುದು ಅನ್ನುವುದು ನಿಜ. ಅವರಾಗೇ ಕೇಳಿದರೆ ಮಾತ್ರ. ರಾತ್ರಿ ಊಟದಲ್ಲಿ ಉಗುರಿನಷ್ಟು ದೊಡ್ಡ ಸಮುದ್ರದ ಬಸವನಹುಳದ ಬಗ್ಗೆ ಅರ್ಧ ಗಂಟೆ ಕೊರೆಯುವುದೂ ಬೇಡ. ನಮ್ಮಲ್ಲಿ ಊಟಕ್ಕೆ ಒಂದೇ ಮೀನಿನ ಕಥೆ ಅಂತ ನಿಯಮ ಇದೆ.

ಯಾವ ತಿಂಗಳು ಹೋಗುತ್ತೀರಿ ಅಂತ ನೀವು ಹೇಳಿಲ್ಲ. ಮೇನಿಂದ ಅಕ್ಟೋಬರ್ ಒಳಗಾದರೆ ಬಾಲಿಯೇ ಸರಿ, ಅಲ್ಲಿ ಆಗ ಮಳೆ ಕಡಿಮೆ. ಡಿಸೆಂಬರ್, ಜನವರಿ ಆದರೆ ಬಾಲಿಯಲ್ಲಿ ಮಳೆ, ಅಂಡಮಾನ್ ಮೇಲು. ಮಾರ್ಚ್ ಆದರೆ ನ್ಯೆಪಿ ಯಾವತ್ತು ಅಂತ ನೋಡಿಕೊಂಡು ಟಿಕೆಟ್ ಮಾಡಿ. ಆ ಮೌನದ ದಿನ ಇಡೀ ಬಾಲಿ ಬಂದ್, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ನಿಮಗೂ ಅವತ್ತು ಡೈವ್ ಇಲ್ಲ.