ರಾಯಚೂರಿನ ಕಿರಾಣಿ ಅಂಗಡಿಯಲ್ಲಿ ರುಚಿಯಾದ ತತ್ತಿ ಆರಿಸುವುದು ಹೇಗೆ? ಕಂದು ಸಿಪ್ಪೆಯದ್ದೇ ಒಳ್ಳೆಯದಾ?

ಸಿಪ್ಪೆಯ ಬಣ್ಣ ನೋಡಬೇಡಿ. ಅದು ಕೋಳಿಯ ತಳಿಯಿಂದ ಬರುವುದು, ರುಚಿಗೂ ಅದಕ್ಕೂ ಸಂಬಂಧವಿಲ್ಲ. ಸುಮ್ನೆ ಕಂದು ಬಣ್ಣಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಒಳಗಿನ ಹಳದಿ ಎಷ್ಟು ಗಾಢ ಎನ್ನುವುದು ಕೋಳಿ ತಿಂದ ಮೆಕ್ಕೆಜೋಳ, ಸೊಪ್ಪಿನ ಮೇಲೆ ನಿಂತಿದೆ.

ರುಚಿಗೆ ಮುಖ್ಯವಾದದ್ದು ತಾಜಾತನ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಅವುಗಳಿಂದ ಒಳಗಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹೊರಗೆ ಹೋದಂತೆ ಬಿಳಿ ಭಾಗ ನೀರಾಗುತ್ತದೆ, ಹಳದಿ ಸಡಿಲವಾಗುತ್ತದೆ. ಸೆಕೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಲ್ವಾ? ಅಂಗಡಿ ಮುಂದೆ ಬಿಸಿಲಿಗೆ ಟ್ರೇ ಜೋಡಿಸಿಟ್ಟ ಕಡೆ ನಾನಂತೂ ಕೊಳ್ಳುವುದಿಲ್ಲ. "ಅಣ್ಣಾ, ತತ್ತಿ ಯಾವತ್ತು ಬಂದಾವ್ರಿ?" ಅಂತ ಕೇಳಿ, ಬಂದ ದಿನವೇ ತನ್ನಿ. ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ಬೇಡ. ಪ್ಯಾಕೆಟ್ಟಿನದಾದರೆ ತಾರೀಕು ನೋಡಿ.

ಮನೆಯಲ್ಲಿ ನೀರಿಗೆ ಹಾಕಿ. ಅಡ್ಡ ಮಲಗಿದರೆ ತಾಜಾ, ಆಮ್ಲೆಟ್ಟಿಗೆ ಅದೇ ಚಂದ. ನೆಟ್ಟಗೆ ನಿಂತರೆ ಸ್ವಲ್ಪ ಹಳೆಯದು. ಅದನ್ನು ಕುದಿಸಿ, ಸಿಪ್ಪೆ ಸಲೀಸಾಗಿ ಬಿಡುತ್ತದೆ. ತೇಲಿದರೆ ತಿನ್ನಬೇಡಿ.

ಜವಾರಿ ಕೋಳಿಯ ತತ್ತಿ ಚಿಕ್ಕದು, ಅದರಲ್ಲಿ ಹಳದಿಯ ಪಾಲು ಜಾಸ್ತಿ. ಅದಕ್ಕೇ ನನಗೆ ಅದು ಹೆಚ್ಚು ರುಚಿ. ಆದರೆ ಕೆಲವರು ಸಂತೆಗೆ ಅಂತ ವಾರವಿಡೀ ಕೂಡಿಟ್ಟು ತರುತ್ತಾರೆ, ಎಷ್ಟು ದಿನದ್ದು ಅಂತ ಕೇಳಿಯೇ ತಗೊಳ್ಳಿ.