ತೇವಾಂಶ ಶೇ 85 ಇದ್ದರೂ ಮಳೆ ಯಾಕಿಲ್ಲ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಕಡೆ, ಟೊಮೆಟೊ ಹಾಕಿದ್ದೇವೆ. ಆಷಾಢದಲ್ಲಿ ಬೆಳಗ್ಗೆ ಫೋನ್ ನೋಡಿದರೆ ತೇವಾಂಶ ಶೇ 85 ಅಂತಿರುತ್ತೆ. ಮೋಡವೂ ಇರುತ್ತೆ, ಮಳೆ ಮಾತ್ರ ಇಲ್ಲ. ಅದೇ ಚೆನ್ನೈ ಹತ್ತಿರ ವಾಯುಭಾರ ಕುಸಿತ ಆದರೆ ಇಲ್ಲಿ ಬಿಡದೆ ಸುರಿಯುತ್ತೆ. ತೇವಾಂಶ ಎಷ್ಟಾದರೆ ಮಳೆ ಗ್ಯಾರಂಟಿ ಸಾರ್?

ಉತ್ತರ: ಅಂಥ ಅಂಕಿ ಯಾವುದೂ ಇಲ್ಲ. ಫೋನಿನ ಶೇಕಡಾ ಲೆಕ್ಕ ನೋಡಿ ಗಾಳಿಯಲ್ಲಿ ನೀರೆಷ್ಟಿದೆ ಅಂತ ಹೇಳೋಕಾಗಲ್ಲ. ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ತುಂಬಿದೆ ಅನ್ನೋದಷ್ಟೇ ಅದು. ಬೆಳಗ್ಗೆ 20 ಡಿಗ್ರಿಯಲ್ಲಿ ಶೇ 85 ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 15 ಗ್ರಾಂ ನೀರಾವಿ. ಮಧ್ಯಾಹ್ನ 30 ಡಿಗ್ರಿಗೆ ಏರಿದಾಗ ಶೇ 50 ಅಂತ ತೋರಿಸಿದರೂ ಹೆಚ್ಚುಕಮ್ಮಿ ಅಷ್ಟೇ 15 ಗ್ರಾಂ. ನೀರು ಎಲ್ಲೂ ಹೋಗಿಲ್ಲ, ಬಿಸಿ ಗಾಳಿ ಜಾಸ್ತಿ ಹಿಡಿಯುತ್ತೆ, ಅಷ್ಟೆ.

ಇನ್ನೊಂದು ಲೆಕ್ಕ. ಮಳೆಗಾಲದಲ್ಲಿ ನಿಮ್ಮ ಹೊಲದ ನೆತ್ತಿಯ ಮೇಲಿರುವ ನೀರಾವಿಯನ್ನೆಲ್ಲ ಒಮ್ಮೆಗೇ ಇಳಿಸಿದರೂ ಸಿಗುವುದು ಸುಮಾರು 40 ಮಿಲಿಮೀಟರ್. ಹಾಗಾದರೆ ಒಂದೇ ದಿನಕ್ಕೆ 100 ಮಿಲಿಮೀಟರ್ ಬೀಳೋದು ಹೇಗೆ? ಆ ನೀರು ನಿಮ್ಮೂರಿನದಲ್ಲ. ವಾಯುಭಾರ ಕುಸಿದ ಕಡೆಗೆ ಬಂಗಾಳ ಕೊಲ್ಲಿಯ ಹಸಿ ಗಾಳಿ ನೂರಾರು ಕಿಲೋಮೀಟರ್‌ನಿಂದ ನುಗ್ಗುತ್ತೆ. ಎಲ್ಲ ಕಡೆಯಿಂದ ಬಂದ ಗಾಳಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಏರಿದ್ದು ತಣ್ಣಗಾಗಿ ಹನಿಗಟ್ಟುತ್ತೆ. ಹನಿಗಟ್ಟುವಾಗ ಬಿಡುವ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆ ದೂಡಿ, ಕೆಳಗಿಂದ ಮತ್ತಷ್ಟು ಎಳೆಯುತ್ತೆ. 2021ರ ನವೆಂಬರ್ 19ರಂದು ಚೆನ್ನೈ–ಪುದುಚೇರಿ ನಡುವೆ ದಡ ದಾಟಿದ ವಾಯುಭಾರ ಕುಸಿತ ನೆನಪಿದೆ ಅಲ್ವಾ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ, ತೆನೆಯಲ್ಲೇ ಮೊಳಕೆ ಬಂದಿತ್ತು.

ಆಷಾಢದ ಗಾಳಿಯ ಕಥೆ ಬೇರೆ. ಅದು ಪಡುವಣ ಗಾಳಿ. ಪಶ್ಚಿಮ ಘಟ್ಟ ಹತ್ತುವಾಗಲೇ ಬಹುಪಾಲು ನೀರು ಸುರಿಸಿ ಬಂದಿರುತ್ತೆ. ಉಳಿದದ್ದನ್ನು ಮೇಲೆತ್ತುವವರು ಇಲ್ಲಿ ಯಾರೂ ಇಲ್ಲ. ಮೋಡ ಸುಮ್ನೆ ಓಡುತ್ತೆ, ಹೆಚ್ಚೆಂದರೆ ನಾಲ್ಕು ತುಂತುರು.

ಹಾಗಾಗಿ ಹಿಂಗಾರಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಮೂಡಣ ಗಾಳಿಗೆ ತಿರುಗಿ, ಕುಸಿತ ತಮಿಳುನಾಡಿನ ಕಡೆ ಬರುತ್ತಿದೆ ಅಂದರೆ ಹಣ್ಣು ಬೇಗ ಬಿಡಿಸಿಕೊಳ್ಳಿ. ಒಡಿಶಾ ಕಡೆ ತಿರುಗಿದರೆ ಸಾಮಾನ್ಯವಾಗಿ ನಮಗೆ ಹನಿಯೂ ಇಲ್ಲ.

ಫೋನಿನ ಶೇಕಡಾ ನಿಮಗೆ ಕೆಲಸಕ್ಕೆ ಬರೋದು ರೋಗದ ವಿಷಯದಲ್ಲಿ. ತಂಪು ರಾತ್ರಿ, ಶೇ 90ರ ಮೇಲೆ ತೇವ, ಎಲೆ ಮೇಲೆ ಹೊತ್ತು ಏರಿದರೂ ಆರದ ಇಬ್ಬನಿ ಇದ್ದರೆ, ಮಳೆ ಬರದಿದ್ದರೂ ಟೊಮೆಟೊಗೆ ಅಂಗಮಾರಿ ಬರುತ್ತೆ. ಎಲೆ ಅಡಿಭಾಗ ತಿರುಗಿಸಿ ನೋಡುತ್ತಿರಿ.