ಗರ್ಭನಿರೋಧಕ ಮಾತ್ರೆಗೆ ವಿಮೆ ಏಕಿಲ್ಲ?

ಪುಣೆಯ ಹಡಪಸರದ ಸಹೋದರಿಯವರೇ, ವೈದ್ಯರೇ ಬರೆದುಕೊಟ್ಟ ಗರ್ಭನಿರೋಧಕ ಮಾತ್ರೆಯ ಬಿಲ್ಲನ್ನು ನಿಮ್ಮ ಕಂಪನಿಯ ಗುಂಪು ವಿಮೆ ತಿರಸ್ಕರಿಸಿದ್ದು ಸರಿಯೇ, ಅಮೆರಿಕದಲ್ಲಿರುವ ನಾದಿನಿಗೆ ಅದು ಪುಕ್ಕಟೆ ಸಿಗುವುದು ಹೇಗೆ ಎಂದು ಕೇಳಿದ್ದೀರಿ.

ನಿಯಮಕ್ಕೆ ಸರಿ, ನ್ಯಾಯಕ್ಕೆ ಅಲ್ಲ. ಪಾಲಿಸಿಯಲ್ಲಿ ಹೊರಗಿಟ್ಟ ವೆಚ್ಚಗಳ ಪುಟ ತೆರೆದು 17ನೇ ಸಂಕೇತ (Excl17) ಓದಿ. ಬಂಜೆತನದ ಚಿಕಿತ್ಸೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಯಾವುದೇ ಬಗೆಯ ಗರ್ಭನಿರೋಧ, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಮಗು ಬೇಕೆಂದರೂ ಹಣವಿಲ್ಲ, ಬೇಡವೆಂದರೂ ಇಲ್ಲ!

ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯಡಿ 2012ರಿಂದ ಹೆಚ್ಚಿನ ವಿಮೆಗಳು ಗರ್ಭನಿರೋಧಕದ ವೆಚ್ಚವನ್ನು ಪೂರ್ತಿ ಭರಿಸಬೇಕು. ಅಲ್ಲೂ ತಕರಾರು ತಪ್ಪಲಿಲ್ಲ: ಧಾರ್ಮಿಕ ನಂಬಿಕೆಯ ಕಾರಣ ನೀಡಿದ ಕೆಲವು ಖಾಸಗಿ ಕಂಪನಿಗಳಿಗೆ 2014ರಲ್ಲಿ ಸುಪ್ರೀಂ ಕೋರ್ಟ್ ವಿನಾಯಿತಿ ಕೊಟ್ಟಿತು.

ನಿಮ್ಮ ಕೈಯಲ್ಲಿರುವ ದಾರಿ ಮಾನವ ಸಂಪನ್ಮೂಲ ವಿಭಾಗ. ಹೆರಿಗೆ ವೆಚ್ಚವೂ 18ನೇ ಸಂಕೇತದಲ್ಲಿ ಹೊರಗಿಟ್ಟದ್ದೇ. ಆದರೂ ಎಷ್ಟೋ ಕಂಪನಿಗಳು ಹೆಚ್ಚಿನ ಪ್ರೀಮಿಯಂ ಕಟ್ಟಿ ಅದನ್ನು ಸೇರಿಸಿಕೊಳ್ಳುತ್ತವೆ. ಗರ್ಭನಿರೋಧಕವನ್ನೂ ಹಾಗೆಯೇ ಸೇರಿಸಿ ಎಂದು ಪಾಲಿಸಿ ನವೀಕರಣಕ್ಕೆ ಮೊದಲೇ ನಾಲ್ಕು ಜನ ಸೇರಿ ಕೇಳಿ. ಮಾತ್ರೆಯನ್ನು ಪಿಸಿಓಡಿ ಎಂಬ ಅಂಡಾಶಯದ ತೊಂದರೆಗಾಗಿ ಕೊಟ್ಟದ್ದಾದರೆ ಚೀಟಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಪಾಲಿಸಿಯಲ್ಲಿ ಹೊರರೋಗಿ (ಒಪಿಡಿ) ಸೌಲಭ್ಯವಿದ್ದರೆ ವಾದಿಸಲು ಆಧಾರವಾಗುತ್ತದೆ.

ಅಲ್ಲಿಯವರೆಗೆ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾಲಾ-ಎನ್ ಮಾತ್ರೆ, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು ಸರ್ಕಾರಿ ಯೋಜನೆಯಲ್ಲಿ ಉಚಿತ. ಆದರೆ ಮಾತ್ರೆ ಬದಲಿಸುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ.